ಮುಖ ನೋಡದೆ ಕೂಗಿದ ಸಾವು

ಶಿರಾದಲ್ಲಿ ಮೈಕು ಕಟ್ಟಿದ ಆಟೋ ಬೀದಿಗೆ ಬಂದರೆ ಜನ ಮೊದಲ ಎರಡು ಮಾತಿಗಷ್ಟೇ ಕಿವಿ ಕೊಡುತ್ತಿದ್ದರು. 'ಕಲಾರಸಿಕರೇ' ಎಂದು ಶುರುವಾದರೆ ಸಿನಿಮಾ. ಹೆಂಗಸರು ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬರುತ್ತಿದ್ದರು. 'ದುಃಖದ ಸಂಗತಿ' ಎಂದು ಶುರುವಾದರೆ ಸಾವು. ಆಗಲೂ ಬಾಗಿಲಿಗೇ ಬರುತ್ತಿದ್ದರು, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಎರಡನ್ನೂ ಸಾರುತ್ತಿದ್ದ ದನಿ ಒಂದೇ, ಜಹೀರ್ ಅಹಮದನದು. ಶುಕ್ರವಾರದ ಹೊಸ ಸಿನಿಮಾ ಸಾರುವಾಗ ಆ ದನಿಗೆ ಎಲ್ಲಿಲ್ಲದ ಕುಣಿತ ಬರುತ್ತಿತ್ತು. ಸಾವು ಸಾರುವಾಗ ಅದೇ ದನಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ಹಾಗಿರುತ್ತಿತ್ತು.

ದನಿ ಜಹೀರನದಾದರೆ ಮಾತು ಲಕ್ಷ್ಮೀಪತಿಯದು. ಲಕ್ಷ್ಮೀಪತಿ ತುಮಕೂರಿನಿಂದ ಹೊರಡುವ ಒಂದು ದಿನಪತ್ರಿಕೆಗೆ ಶಿರಾ ತಾಲ್ಲೂಕಿನ ವರದಿಗಾರ. ತಾಲ್ಲೂಕು ವರದಿಗಾರ ಅಂದರೆ ಭಾರೀ ಕೆಲಸ ಅಂದುಕೊಳ್ಳಬೇಡಿ. ಚರಂಡಿಯ ಹೂಳು, ಬೀದಿನಾಯಿ ಕಾಟ, ಪಟ್ಟನಾಯಕನಹಳ್ಳಿ ಮಠದ ಕಾರ್ಯಕ್ರಮ, ನಿವೃತ್ತ ಮೇಷ್ಟರ ಸನ್ಮಾನ, ಇವನ್ನೆಲ್ಲ ಮುತುವರ್ಜಿಯಿಂದ ಬರೆದು ಕಳಿಸುವುದು, ಬೆಳಿಗ್ಗೆ ಪೇಪರ್ ಬಿಡಿಸಿ ತಾನು ಬರೆದದ್ದರಲ್ಲಿ ಕಾಲು ಭಾಗವೂ ಉಳಿದಿಲ್ಲವೆಂದು ನೋಡಿ ಮುನಿಸಿಕೊಳ್ಳುವುದು. ಅವನ ಒಳ್ಳೊಳ್ಳೆಯ ಮಾತುಗಳೆಲ್ಲ ತುಮಕೂರಿನ ಆಫೀಸಿನಲ್ಲಿ ಕತ್ತರಿಗೆ ಬಲಿಯಾಗುತ್ತಿದ್ದವು. ಜಹೀರನ ಮೈಕಿನಲ್ಲಿ ಮಾತ್ರ ಒಂದಕ್ಷರವೂ ಕತ್ತರಿಸಿ ಹೋಗುತ್ತಿರಲಿಲ್ಲ. ಸಿನಿಮಾಕ್ಕೆ ಸಿನಿಮಾದ ಮಾತು, ಸಾವಿಗೆ ಸಾವಿನ ಮಾತು ಎಂದು ಲಕ್ಷ್ಮೀಪತಿ ಬರೆದುಕೊಡುತ್ತಿದ್ದ, ಜಹೀರ್ ಅದಕ್ಕೆ ಜೀವ ತುಂಬುತ್ತಿದ್ದ. ತನ್ನ ನಿಜವಾದ ಪತ್ರಿಕೆ ಜಹೀರನ ಗಂಟಲು ಎಂದು ಲಕ್ಷ್ಮೀಪತಿ ಯಾರಲ್ಲೂ ಹೇಳಿಕೊಂಡಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಹಾಗೇ ಇತ್ತು.

ಹುಡುಗರಾಗಿದ್ದಾಗಿನಿಂದ ಇಬ್ಬರೂ ಜೊತೆ. ಬಸ್‌ಸ್ಟ್ಯಾಂಡಿನ ಹಿಂದಿನ ಟಾಕೀಸಿನಲ್ಲಿ ಪರದೆಗೆ ಮೂಗು ತಗುಲುವಷ್ಟು ಮುಂದೆ ಕೂತು ಸಿನಿಮಾ ನೋಡಿ ಬೆಳೆದವರು. ಜಹೀರನಿಗೆ ಒಂದು ಕಟ್ಟುನಿಟ್ಟಿತ್ತು. ಸಿನಿಮಾವನ್ನು ನೋಡದೆಯೂ ಹೊಗಳುತ್ತಿದ್ದ, ಸಾವನ್ನು ಮಾತ್ರ ನೋಡದೆ ಸಾರುತ್ತಿರಲಿಲ್ಲ. ಫೋನಿನಲ್ಲಿ ಎಷ್ಟು ಗೋಗರೆದರೂ ಅಷ್ಟೇ. ಆಟೋವನ್ನು ಸತ್ತವರ ಮನೆಯ ಮುಂದೆ ನಿಲ್ಲಿಸಿ, ಜೇಬಿನ ಟೋಪಿ ತೆಗೆದು ತಲೆಗಿಟ್ಟುಕೊಂಡು, ಹೊಸ್ತಿಲ ಈಚೆ ನಿಂತು ಮುಖ ನೋಡಿಬಂದ ಮೇಲೆಯೇ ಮೈಕಿನ ಸ್ವಿಚ್ಚು ಒತ್ತುವುದು. ತಡವಾಗುತ್ತೆ ಎಂದು ಲಕ್ಷ್ಮೀಪತಿ ಒಮ್ಮೆ ಗೊಣಗಿದ್ದಕ್ಕೆ ಜಹೀರ್ ಹೇಳಿದ್ದ, "ಮುಖ ನೋಡ್ದೆ ಸಾವು ಕೂಗ್ಬಾರ್ದು ಕಣ್ಲಾ ಪತಿ. ನಾನು ಕೂಗಿದ್ಮೇಲೆ ಅವ್ರು ಸತ್ತಂಗೇ ಲೆಕ್ಕ."

ಹಾಗೆ ಅಂದವನ ಗಂಟಲನ್ನೇ ರೋಗ ಹಿಡಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಗಿ, ದನಿಪೆಟ್ಟಿಗೆಯನ್ನೇ ತೆಗೆದು, ಕತ್ತಿನ ಕೆಳಗೆ ಒಂದು ತೂತು ಬಿಟ್ಟು ಕಳಿಸಿದರು. ಉಸಿರಾಟ ಅಲ್ಲಿಂದಲೇ. ಅದರ ಮೇಲೆ ಒಂದು ಬಿಳಿ ಕರವಸ್ತ್ರ ಸುತ್ತಿಕೊಂಡು ಮಸೀದಿ ಹಿಂದಿನ ಗಲ್ಲಿಯ ಮನೆಯಲ್ಲಿ ಜಹೀರ್ ಕೂತುಬಿಟ್ಟ. ಊರು ಕೆಲವು ದಿನ ಅಯ್ಯೋ ಅಂದಿತು, ಆಮೇಲೆ ಮೊಬೈಲು ಕೈಗೆತ್ತಿಕೊಂಡಿತು. ಲಕ್ಷ್ಮೀಪತಿ ಮಾತ್ರ ಸಂಜೆಗಳನ್ನು ಬಿಡಲಿಲ್ಲ. ಸುದ್ದಿ ಕಳಿಸಿ ಮುಗಿಸಿ ನೇರ ಆ ಗಲ್ಲಿಗೆ ಬರುತ್ತಿದ್ದ, ಜಹೀರನ ಹೆಂಡತಿ ಕರೀಮುನ್ನೀಸಾ ಕೊಟ್ಟ ಟೀ ಕುಡಿಯುತ್ತ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ.

ಜಹೀರ್ ಕೈಯಲ್ಲಿ ಮಾತಾಡಲು ಕಲಿತ. ಯಾವ ಶಾಲೆಯದೂ ಅಲ್ಲದ, ಇಬ್ಬರೇ ಕೂತು ಕಟ್ಟಿಕೊಂಡ ಭಾಷೆ ಅದು. ಸಿನಿಮಾ ಅನ್ನಲು ತೋರುಬೆರಳನ್ನು ರೀಲು ಸುತ್ತಿದ ಹಾಗೆ ಗಾಳಿಯಲ್ಲಿ ತಿರುಗಿಸುವುದು. ಸಾವಿಗೆ ಅಂಗೈಯನ್ನು ಬೋರಲು ಹಾಕುವುದು. ಲಕ್ಷ್ಮೀಪತಿ ಅನ್ನಲು ಕಿವಿಯ ಹಿಂದೆ ಪೆನ್ನು ಸಿಗಿಸಿದಂತೆ ಬೆರಳಿಡುವುದು. ಸಂಜೆಯ ಮಾತು ಮುಗಿದು ಲಕ್ಷ್ಮೀಪತಿ ಏಳುವಾಗ ಜಹೀರ್ ಅಂಗೈಯನ್ನು ಹಣೆಯಿಂದ ಗದ್ದದವರೆಗೆ ನಿಧಾನವಾಗಿ ಇಳಿಸುತ್ತಿದ್ದ, ಟಾಕೀಸಿನ ಪರದೆ ಇಳಿಸಿದಂತೆ. ಇವತ್ತಿನ ಆಟ ಮುಗೀತು ಅಂತ. ಆಮೇಲೆ ತೋರುಬೆರಳನ್ನು ಒಂದು ಸುತ್ತು ತಿರುಗಿಸುತ್ತಿದ್ದ. ನಾಳೆ ಮತ್ತೆ ಆಟ ಇದೆ, ಬಾ ಅಂತ. ಕರೀಮುನ್ನೀಸಾಗೆ ಅನ್ನ ನೀರಿನ ಸನ್ನೆಗಳು ಅರ್ಥವಾಗುತ್ತಿದ್ದವು, ಬಿ.ಎಡ್ ಓದುತ್ತಿದ್ದ ಮಗಳು ಫರೀಹಾ ನೋಡಿ ನೋಡಿ ಬಹಳಷ್ಟು ಕಲಿತಿದ್ದಳು. ಆದರೂ ಆ ಕೈಗಳು ಹೇಳಿದ್ದನ್ನು ಒಂದೂ ಬಿಡದೆ ಓದಬಲ್ಲವನು ಲಕ್ಷ್ಮೀಪತಿ ಒಬ್ಬನೇ. ಆಸ್ಪತ್ರೆಗೆ ಹೋದರೂ ಮದುವೆ ಮನೆಗೆ ಹೋದರೂ ಜಹೀರನ ಪಕ್ಕದಲ್ಲಿ ನಿಂತು ಅವನ ಕೈ ನೋಡಿ ಬಾಯಿಬಿಡುವ ಕೆಲಸ ಅವನದೇ ಆಗಿತ್ತು. ಅದರಲ್ಲಿ ಅವನಿಗೆ ಒಂದು ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಬೇಕು.

ಆಪರೇಷನ್ನಿಗೆ ಹೋಗುವ ಮುಂಚೆ ಜಹೀರ್ ಒಂದು ಪೆನ್‌ಡ್ರೈವ್ ತಂದು ಲಕ್ಷ್ಮೀಪತಿಯ ಕೈಗೆ ಕೊಟ್ಟಿದ್ದ. ವರ್ಷಗಟ್ಟಲೆ ಸಾರಿದ ಸಿನಿಮಾಗಳು, ಸಾವುಗಳು, ನಲ್ಲಿ ನೀರು ಬರುವುದಿಲ್ಲವೆಂಬ ಪ್ರಕಟಣೆಗಳು ಎಲ್ಲ ಅದರಲ್ಲಿದ್ದವು. "ಅಮಾನತ್ ಕಣ್ಲಾ, ಜೋಪಾನ" ಅಂದಿದ್ದ. ನಂಬಿ ಒಪ್ಪಿಸಿದ ವಸ್ತು ಅಂತ. ಅವನು ಬಾಯಲ್ಲಿ ಆಡಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಹೀಗಿರುವಾಗ ಟಾಕೀಸು ರಿಪೇರಿಯಾಯಿತು. ಅದನ್ನು ಗುತ್ತಿಗೆಗೆ ಹಿಡಿದವನು ಕಿರಣ್ ಕುಮಾರ್, ಊರಿನ ಕೇಬಲ್ ಚಾನೆಲ್ಲಿನ ಯಜಮಾನ. ಇನ್ನೂ ಮೂವತ್ತು ದಾಟದ, ನಿಂತಲ್ಲಿ ನಿಲ್ಲದ ಆಸಾಮಿ. ಹೊಸ ಪರದೆ, ಹೊಸ ಕುರ್ಚಿ, ಹೊಸ ಸ್ಪೀಕರ್ ಎಲ್ಲ ಹಾಕಿಸಿ, ಊರಿಗೆ ಸಾರಲು ಒಂದು ದನಿ ಬೇಕು ಎಂದು ಲಕ್ಷ್ಮೀಪತಿಯ ಹತ್ತಿರ ಬಂದ. ಜಹೀರನ ದನಿಯ ಹಳೇ ರೆಕಾರ್ಡು ಇದ್ದರೆ ಕೊಡಿ ಸಾರ್, ಈಗ ಕಂಪ್ಯೂಟರಿಗೆ ಅದನ್ನು ಕೇಳಿಸಿದರೆ ಸಾಕು, ನಾವು ಏನು ಬರೆದುಕೊಟ್ಟರೂ ಅದೇ ದನಿಯಲ್ಲಿ ಹೇಳುತ್ತದೆ ಅಂದ. ಲಕ್ಷ್ಮೀಪತಿ ನಂಬಲಿಲ್ಲ. ಕಿರಣ್ ಮೊಬೈಲಿನಲ್ಲಿ ಯಾರದೋ ದನಿಯನ್ನು ಹಾಗೆ ಮಾಡಿದ್ದನ್ನು ಕೇಳಿಸಿದ. ಕೇಳಿದ ಮೇಲೆ ಲಕ್ಷ್ಮೀಪತಿಗೆ ಬೇರೇನೂ ತಲೆಗೆ ಹೋಗಲಿಲ್ಲ. ತಾನು ಬರೆದ ಮಾತನ್ನು ಜಹೀರ್ ಮತ್ತೆ ಹೇಳುತ್ತಾನೆ. ಜಹೀರ್ ತನ್ನ ದನಿಯನ್ನು ತಾನೇ ಕೇಳುತ್ತಾನೆ, ಅವನಿಗೆ ಎಷ್ಟು ಸಂತೋಷವಾಗಬಹುದು. ಒಂದು ಮಾತು ಅವನನ್ನು ಕೇಳಬೇಕು ಅಂತ ಅನ್ನಿಸಲಿಲ್ಲವೆಂದಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತದೆ, ಸಡಗರ ಹಾಳಾಗುತ್ತದೆ ಅಂದುಕೊಂಡು ಪೆನ್‌ಡ್ರೈವ್ ಕೊಟ್ಟುಬಿಟ್ಟ.

ಆ ಶುಕ್ರವಾರ ಬೆಳಿಗ್ಗೆ ಬೇಕೆಂದೇ ಜಹೀರನ ಮನೆಗೆ ಹೋಗಿ ಕೂತ. ಆಟೋ ಗಲ್ಲಿಯ ತುದಿಗೆ ಬಂತು. "ಕಲಾರಸಿಕರೇ! ಇಂದಿನಿಂದ ನಿಮ್ಮ ನೆಚ್ಚಿನ ಚಿತ್ರಮಂದಿರದಲ್ಲಿ, ಪ್ರತಿದಿನ ನಾಲ್ಕು ದೇಖಾವೆಗಳು..." ಒಳಗೆ ಕರೀಮುನ್ನೀಸಾ ಕೈಯಲ್ಲಿದ್ದ ಪಾತ್ರೆ ಬಿತ್ತು. ಜಹೀರನ ಕೈ ಕತ್ತಿನ ಕರವಸ್ತ್ರದ ಮೇಲೆ ಹೋಯಿತು, ಅಲ್ಲಿಂದ ಹೊರಟಿತೇನೋ ಎಂದು ಮುಟ್ಟಿನೋಡುವವನ ಹಾಗೆ. ಆಮೇಲೆ ಅವನ ತುಟಿ ಆಡತೊಡಗಿತು. ಕಲಾರಸಿಕರೇ ಎಂಬಲ್ಲಿಂದ ನಾಲ್ಕು ದೇಖಾವೆಗಳವರೆಗೆ ಆ ದನಿಯ ಜೊತೆಗೇ ತುಟಿಯೂ ಹೋಯಿತು, ಅವು ಅವನು ಸಾವಿರ ಸಲ ಆಡಿದ ಮಾತುಗಳು. ಮುಂದೆ ಹೊಸ ಸಿನಿಮಾದ ಹೆಸರು ಬಂತು, ಹೊಸ ನಾಯಕನ ಹೊಗಳಿಕೆ ಬಂತು. ತುಟಿ ನಿಂತಿತು. ದನಿ ಅವನನ್ನು ಹಿಂದೆ ಬಿಟ್ಟು ಗಲ್ಲಿ ದಾಟಿ ಹೋಯಿತು.

ಸಡಗರ ನೋಡಲು ಬಂದಿದ್ದ ಲಕ್ಷ್ಮೀಪತಿ ಆ ಮುಖದಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಜನ ಬರಲು ಶುರು ಮಾಡಿದರು. ಜಹೀರ್ ಭಾಯಿಗೆ ಬಾಯಿ ಬಂತಂತೆ ಎಂದು ಹೂವಿನ ಅಂಗಡಿಯವನು ಬಂದ, ಟಾಕೀಸಿನ ಹಳೇ ಗೇಟ್‌ಕೀಪರ್ ಬಂದ, ಖರ್ಜೂರದ ಪೊಟ್ಟಣ ಹಿಡಿದು ಮಸೀದಿಯ ಹಿರಿಯರು ಬಂದರು, ಬೇವಿನಹಳ್ಳಿಯಿಂದ ಬಸ್ಸಿಗೆ ಬಂದಿದ್ದ ಯಾರೋ ಮುದುಕಿ ದೃಷ್ಟಿ ತೆಗೆಯಲು ಬಂದಳು. ಬಂದವರಿಗೆಲ್ಲ ಜಹೀರ್ ಎದ್ದು ನಿಂತು, ಕರವಸ್ತ್ರ ಸರಿಸಿ, ತೂತು ತೋರಿಸಿ, ಇಲ್ಲ ಎಂದು ತಲೆಯಾಡಿಸಬೇಕಾಯಿತು. ಒಬ್ಬರು ಹೋದ ಮೇಲೆ ಇನ್ನೊಬ್ಬರು. ಮೊದಲ ಸಲ ದನಿ ಹೋದಾಗ ಅವನು ಬೆಂಗಳೂರಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಈ ಸಲ ಎಚ್ಚರವಿದ್ದು, ಊರಿನವರ ಎದುರಿಗೆ, ಅದನ್ನು ಒಪ್ಪಿಕೊಳ್ಳುತ್ತ ನಿಲ್ಲಬೇಕಾಯಿತು.

ಜನ ಕರಗಿದ ಮೇಲೆ ಜಹೀರ್ ಕಿವಿಯ ಹಿಂದೆ ಬೆರಳಿಟ್ಟ, ತನ್ನ ಎದೆ ಮುಟ್ಟಿಕೊಂಡ, ಅಂಗೈ ಚಾಚಿದ. ನನ್ನನ್ನು ಒಂದು ಮಾತು ಕೇಳಿದೆಯೇನೋ ಪತಿ ಅಂತ. ಲಕ್ಷ್ಮೀಪತಿ ಬಡಬಡಿಸಿದ. ನಿನ್ನ ದನಿ ಊರಿಗೆ ಉಳಿಯಲಿ ಅಂತ ಮಾಡಿದೆ, ಮಕ್ಕಳು ಮರಿ ಕೇಳಲಿ ಅಂತ ಮಾಡಿದೆ, ನಿನಗೆ ಖುಷಿಯಾಗಲಿ ಅಂತಲೇ ಮಾಡಿದೆ. ಗೆಳೆಯ ಮಾಡಿದ ತಪ್ಪನ್ನು ಹೇಗಾದರೂ ಸಣ್ಣದು ಮಾಡಿಕೊಳ್ಳಬೇಕು ಎಂಬ ಆಸೆ ಜಹೀರನಿಗೂ ಇತ್ತೆಂದು ಕಾಣುತ್ತದೆ. ಕೊನೆಗೆ ತೋರುಬೆರಳನ್ನು ರೀಲಿನ ಹಾಗೆ ತಿರುಗಿಸಿ, ಆಗಲಿ ಎಂದು ತಲೆಯಾಡಿಸಿದ. ಸಿನಿಮಾಕ್ಕಾದರೆ ಸರಿ. ಆಮೇಲೆ ಅಂಗೈಯನ್ನು ಬೋರಲು ಹಾಕಿ, ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಸಾವು ಬೇಡ. ಲಕ್ಷ್ಮೀಪತಿ ಅವನ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟ.

ಕೊಟ್ಟ ಮಾತನ್ನು ಕಿರಣನಿಗೆ ದಾಟಿಸಿದ್ದು ಟೀ ಅಂಗಡಿಯಲ್ಲಿ, ಒಂದು ಕಾಲು ಸ್ಕೂಟರಿನ ಮೇಲೆ ಇಟ್ಟುಕೊಂಡು. ಕಿರಣ್ ಆಗಲಿ ಸಾರ್ ಅಂದ. ಎರಡು ವಾರ ಕಳೆಯುವುದರಲ್ಲಿ ಊರಿನ ಹಳೇ ಮಂಡಿ ವರ್ತಕರೊಬ್ಬರು ತೀರಿಕೊಂಡರು, ಮನೆಯವರು ಜಹೀರನ ದನಿಯಲ್ಲೇ ಆಗಬೇಕು ಎಂದು ಕಿರಣನ ಹಿಂದೆ ಬಿದ್ದರು. ಆಟೋ ಹೊರಟಿತು. ಲಕ್ಷ್ಮೀಪತಿ ಅದನ್ನು ಮಾರ್ಕೆಟ್ ರಸ್ತೆಯಲ್ಲಿ ಕೇಳಿದ. ಅವನು ಯಾವತ್ತೋ ಬರೆದಿಟ್ಟ ಮಾತುಗಳು, ಆ ದನಿ, ಚಪ್ಪಲಿ ಬಿಟ್ಟು ಒಳಬಂದಂಥ ಆ ನಡಿಗೆ. ಅವನ ಕಣ್ಣು ತುಂಬಿತು. ಆಟೋ ನಿಲ್ಲಿಸಿ ಬೈಯಬೇಕೆಂದು ಹೋದವನು ಡ್ರೈವರಿಗೆ ಹೇಳಿದ್ದು ಇಷ್ಟೇ, ಮಸೀದಿ ಹಿಂದಿನ ಗಲ್ಲಿಗೆ ಮಾತ್ರ ಹೋಗಬೇಡ ಕಣಪ್ಪ.

ಅಲ್ಲಿಗೆ ಅವನು ಕೆಟ್ಟ. ಒಂದು ಗಲ್ಲಿಯನ್ನು ಬಿಟ್ಟು ಊರೆಲ್ಲ ಸುತ್ತುವುದು ಆಟೋಗೆ ರೂಢಿಯಾಯಿತು, ಸಂಜೆ ಆ ಗಲ್ಲಿಯಲ್ಲಿ ಕೂತು ಉಳಿದೆಲ್ಲ ಸುದ್ದಿ ಹೇಳಿ ಇದೊಂದನ್ನು ನುಂಗಿಕೊಳ್ಳುವುದು ಲಕ್ಷ್ಮೀಪತಿಗೆ ರೂಢಿಯಾಯಿತು. ಸಾವಿನ ಮಾತುಗಳನ್ನು ಮತ್ತೆ ಅವನೇ ಬರೆದುಕೊಡತೊಡಗಿದ. ಕಿರಣ್ ಬರೆದರೆ ಕೆಡಿಸುತ್ತಾನೆ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಮುಖ ನೋಡಲು ಹೋಗುವವರು ಮಾತ್ರ ಯಾರೂ ಇರಲಿಲ್ಲ. ಕಂಪ್ಯೂಟರಿಗೆ ಟೋಪಿ ಹಾಕಿ ಯಾರ ಮನೆಯ ಬಾಗಿಲಿಗೆ ಕಳಿಸುವುದು?

ಊರಿನ ಹೊರವಲಯದಲ್ಲಿ ದೊಡ್ಡಹನುಮಯ್ಯ ಎಂಬ ಹಾರ್ಮೋನಿಯಂ ಮೇಷ್ಟರಿದ್ದರು. ಶಿರಾ, ಮಧುಗಿರಿ, ಆಚೆ ಚನ್ನರಾಯನದುರ್ಗದವರೆಗೂ ಹಳ್ಳಿಹಳ್ಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸಿದವರು. ಅವರ ಹೆಂಡತಿ ಪೆದ್ದಮ್ಮ ಪಾವಗಡದ ಕಡೆಯವರು, ಇಲ್ಲಿಗೆ ಬಂದು ಅರ್ಧ ಆಯಸ್ಸು ಕಳೆದರೂ ಮಾತಿನಲ್ಲಿ ತೆಲುಗು ಬಿಟ್ಟವರಲ್ಲ. ಮೇಷ್ಟರಿಗೆ ಉಸಿರಾಟದ ತೊಂದರೆಯಾಗಿ ತುಮಕೂರಿನ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಜೊತೆಗೆ ಮಗ ಮಲ್ಲೇಶ್. ಹಿರಿಯರು ಆಸ್ಪತ್ರೆ ಸೇರಿದರೆ ಲಕ್ಷ್ಮೀಪತಿ ಅವರ ಸಾವಿನ ಸುದ್ದಿಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದ, ವರದಿಗಾರರೆಲ್ಲ ಮಾಡುವುದೇ ಅದು. ಮೇಷ್ಟರದ್ದನ್ನು ಬಹಳ ಚೆನ್ನಾಗಿ ಬರೆದಿದ್ದ. ಬರೆದು ಎರಡು ಸಲ ಓದಿಕೊಂಡಿದ್ದ.

ಒಂದು ಮಧ್ಯಾಹ್ನ ಅವನೇ ಮಲ್ಲೇಶನಿಗೆ ಫೋನು ಮಾಡಿದ. ಆ ಕಡೆಯಿಂದ ಬರೀ ಅಳು. ಕೊನೆಗೆ ಮಲ್ಲೇಶ್ ಅಂದ, "ಆಗೋಯ್ತಣ್ಣ. ಡಾಕ್ಟ್ರು ಮನೇಗ್ ಕರ್ಕೊಂಡೋಗ್ಬುಡಿ ಅಂದ್ಬುಟ್ರು. ಹೊಂಟಿದೀವಿ." ನಮ್ಮ ಕಡೆ ಆ ಮಾತಿಗೆ ಅರ್ಥ ಕೇಳುವವರಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಅಂದರೆ ದಾರಿಯಲ್ಲೇ ಜೀವ ಹೋಗುತ್ತದೆ, ಹೋಗದಿದ್ದರೆ ಮನೆಯ ಜಗಲಿಯಲ್ಲಿ ಹೋಗುತ್ತದೆ ಎಂದು ನೆಂಟರು ಶಾಮಿಯಾನಕ್ಕೆ ಹೇಳಿಬಿಡುತ್ತಾರೆ. ಮಣ್ಣು ನಾಳೆಯೋ ಇವತ್ತೋ, ಪಾವಗಡದ ನೆಂಟರು ಬರಬೇಕಲ್ಲ, ಕೊರಟಗೆರೆಯ ಶಿಷ್ಯರು ಬರಬೇಕಲ್ಲ ಎಂದು ಲಕ್ಷ್ಮೀಪತಿ ಲೆಕ್ಕ ಹಾಕಿದ. ಆಂಬುಲೆನ್ಸ್ ಬರುವುದರೊಳಗೆ ಊರಿಗೆ ತಿಳಿದಿರಲಿ ಎಂದು ಬರೆದಿಟ್ಟದ್ದನ್ನು ಕಿರಣನಿಗೆ ಕಳಿಸಿದ. ಕಿರಣನಿಗೆ ಯಾವುದೂ ತಡವಾಗುವುದಿಲ್ಲ.

ಆಟೋ ಪೆದ್ದಮ್ಮನ ಮನೆಯ ಮುಂದೆಯೇ ಹಾದುಹೋಯಿತು. ಅವರಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಪೆದ್ದಮ್ಮ 'ದುಃಖದ ಸಂಗತಿ' ಕೇಳಿ ಯಾರು ಹೋದರಪ್ಪ ಎಂದು ತಲೆಯೆತ್ತಿದರು. ಗಂಡನ ಹೆಸರು ಬಂತು. ಪಕ್ಕದ ಮನೆಯವರು ಓಡಿಬಂದು ತಡೆಯುವಷ್ಟರಲ್ಲಿ ಹಣೆಯ ಕುಂಕುಮ ಒರೆಸಿಕೊಂಡಿದ್ದರು, ಎರಡು ಕೈಯ ಬಳೆಯನ್ನೂ ಹೊಸ್ತಿಲಿಗೆ ಬಡಿದು ಒಡೆದುಕೊಂಡಿದ್ದರು.

ಮೇಷ್ಟರು ಸಾಯಲಿಲ್ಲ. ಕಳ್ಳಂಬೆಳ್ಳ ದಾಟುವ ಹೊತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದರಂತೆ. ಸಂಜೆಯ ಬಿಸಿಲಿನಲ್ಲಿ ಆಂಬುಲೆನ್ಸ್ ಬಂದು ನಿಂತಾಗ ಬಾಗಿಲಲ್ಲಿ ಶಾಮಿಯಾನ ಏಳುತ್ತಿತ್ತು, ಅಂಗಳದಲ್ಲಿ ಬೆಂಕಿ ಹಾಕಿದ್ದರು, ಹಾರ್ಮೋನಿಯಮ್ಮನ್ನು ಹೊರಗೆ ತಂದು ಯಾರೋ ಹೂವಿನ ಹಾರ ಹಾಕಿದ್ದರು. ಸ್ಟ್ರೆಚರಿನ ಮೇಲಿಂದ ಮುದುಕ ಅವೆಲ್ಲವನ್ನೂ ನೋಡಿದರು. ಆಮೇಲೆ ಹೆಂಡತಿಯ ಬೋಳು ಹಣೆ, ಬೋಳು ಕೈ ನೋಡಿದರು. ಒಳಗೆ ಮಲಗಿಸಿದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡವರು ಯಾರು ಕರೆದರೂ ಈ ಕಡೆ ತಿರುಗಲಿಲ್ಲ. ಗಂಡ ಬದುಕಿದ್ದಾಗಲೇ ಬಳೆ ಒಡೆದುಕೊಂಡವಳಿಗೆ ಮತ್ತೆ ಬಳೆ ತೊಡಿಸುವುದು ಹೇಗೆ, ಯಾರು ತೊಡಿಸಬೇಕು ಎಂಬುದು ಕೇರಿಯ ಹೆಂಗಸರಿಗೂ ಗೊತ್ತಿರಲಿಲ್ಲ. ಅಂಥದ್ದು ಅವರ ಕಾಲದಲ್ಲಿ ನಡೆದೇ ಇರಲಿಲ್ಲ. ಪೆದ್ದಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತರು, ಗಂಡನ ಎದುರಿಗೆ ಹೋಗಲಿಲ್ಲ.

ಊರಿಗೆ ನಗು ತಡೆಯಲಾಗಲಿಲ್ಲ. ಟೀ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಮೊಬೈಲಿನ ಗುಂಪುಗಳಲ್ಲಿ ಅದೇ ಮಾತು. ಜಹೀರನಿಗೆ ಬಾಯಿ ಬಂದಿದೆ, ಬುದ್ಧಿ ಹೋಗಿದೆ ಅಂದರು. ಕಂಪ್ಯೂಟರಿನ ಕತೆ ಗೊತ್ತಿದ್ದವರು ಕಡಿಮೆ, ಗೊತ್ತಿದ್ದವರಿಗೂ ಅದನ್ನು ಬಿಡಿಸಿ ಹೇಳುವ ಉಸಾಬರಿ ಬೇಕಿರಲಿಲ್ಲ. ಒಬ್ಬ ಜಾತಿಯೆತ್ತಿ ಆಡಬಾರದ ಮಾತನ್ನೂ ಆಡಿದ, ಸುತ್ತ ಇದ್ದವರು ಕೇಳಿಸದವರ ಹಾಗೆ ಟೀ ಕುಡಿದರು. ಇಷ್ಟು ವರ್ಷ ಒಂದು ಸುಳ್ಳೂ ಸಾರದ ದನಿಯ ಮಾನ ಒಂದು ಮಧ್ಯಾಹ್ನದಲ್ಲಿ ಬೀದಿಪಾಲಾಯಿತು.

ಲಕ್ಷ್ಮೀಪತಿ ಓಡಿ ಗಲ್ಲಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಜಹೀರ್ ಟೋಪಿ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಇವನ ಕಡೆ ನೋಡಲಿಲ್ಲ. ಎಲ್ಲಿಗೆ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಇಬ್ಬರೂ ನಡೆದುಕೊಂಡೇ ಹೋದರು, ಜಹೀರ್ ಮುಂದೆ, ಲಕ್ಷ್ಮೀಪತಿ ಹಿಂದೆ. ಏನು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಲಕ್ಷ್ಮೀಪತಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಜಹೀರನ ಪರವಾಗಿ ಬಾಯಿಬಿಡುವವನು ತಾನೇ ತಾನೆ.

ಮೇಷ್ಟರ ಮನೆಯ ಹೊಸ್ತಿಲ ಈಚೆ ಜಹೀರ್ ನಿಂತ, ಹಿಂದೆಲ್ಲ ನಿಲ್ಲುತ್ತಿದ್ದ ಜಾಗದಲ್ಲಿಯೇ. ಪೆದ್ದಮ್ಮ ಗೋಡೆ ಹಿಡಿದುಕೊಂಡು ಬಂದರು. ಲಕ್ಷ್ಮೀಪತಿ ಮುಂದೆ ಬಂದು, ಅಮ್ಮಾ, ತಪ್ಪು ಇವನದ್ದಲ್ಲ ಎಂದು ಶುರು ಮಾಡಿದ. ಜಹೀರ್ ತಿರುಗದೆಯೇ ಕೈ ಹಿಂದೆ ಚಾಚಿ ಅವನ ಎದೆಯ ಮೇಲಿಟ್ಟು ಹಿಂದಕ್ಕೆ ತಳ್ಳಿದ. ಜೋರಾಗಿ ಏನಲ್ಲ, ಬಾಗಿಲು ಮುಚ್ಚುವಷ್ಟು. ಆಮೇಲೆ ಕತ್ತಿನ ಕರವಸ್ತ್ರ ಬಿಚ್ಚಿದ.

ಪೆದ್ದಮ್ಮ ಆ ತೂತನ್ನು ನೋಡಿದರು, ನೋಡುತ್ತಲೇ ಇದ್ದರು. ಅವರಿಗೆ ಅರ್ಥವಾಯಿತು. ಕೂಗಿದವನು ಇವನಲ್ಲ ಅಂತ ತಿಳಿದದ್ದರಿಂದ ಅವರಿಗೆ ಸಮಾಧಾನವಾಗಲಿಲ್ಲ, ಇನ್ನೂ ಸಂಕಟವೇ ಆಯಿತು. "ನಿನ್ ಸೊಲ್ಲು ಅಂತ ನಂಬ್ದೆ ಕಣಪ್ಪ" ಅಂದರು. "ಜಹೀರು ಅಬದ್ಧಂ ಚೆಪ್ಪಡು, ಸುಳ್ಳೇಳಲ್ಲ ಅಂತ ನಮ್ಮನೆಯೋರು ಅಂತಿದ್ರು. ಬೇರೆ ಯಾರು ಕೂಗಿದ್ರೂ ನಾನು ಬಳೆ ಒಡ್ಕೊಂತಿರ್ಲಿಲ್ಲ."

ಜಹೀರ್ ತಲೆ ಬಗ್ಗಿಸಿ ಕೇಳಿಸಿಕೊಂಡ. ಬಾಗಿಲಿನಿಂದ ಒಳಗೆ ಮಂಚ ಕಾಣುತ್ತಿತ್ತು. ಗೋಡೆಯ ಕಡೆ ತಿರುಗಿದ ಮೇಷ್ಟರ ಮುಖ ಕಾಣಿಸಲಿಲ್ಲ. ಜಹೀರ್ ಆ ಮುಖ ಕಂಡೀತೇನೋ ಎಂದು ಹೊಸ್ತಿಲಲ್ಲೇ ಬಹಳ ಹೊತ್ತು ಕಾದ. ಅವರು ತಿರುಗಲಿಲ್ಲ. ಇವನು ಕರವಸ್ತ್ರ ಸುತ್ತಿಕೊಂಡು ಹೊರಟ. ವಾಪಸು ಬರುವಾಗ ಲಕ್ಷ್ಮೀಪತಿ ಏನೇನೋ ಹೇಳಿದ, ಕಾಲಿಗೆ ಬೀಳುತ್ತೇನೆ ಅಂದ, ಪೇಪರಿನಲ್ಲಿ ನನ್ನ ಹೆಸರು ಹಾಕಿ ತಪ್ಪೊಪ್ಪಿಗೆ ಬರೆಯುತ್ತೇನೆ ಅಂದ. ಜಹೀರನ ಕೈಗಳು ಜುಬ್ಬದ ಜೇಬಿನೊಳಗಿದ್ದವು, ಒಂದು ಸಲವೂ ಹೊರಗೆ ಬರಲಿಲ್ಲ.

ಲಕ್ಷ್ಮೀಪತಿ ಬರೆದ. ತುಮಕೂರಿನವರು ಅದನ್ನು ಕತ್ತರಿಸಿ, 'ಹಾರ್ಮೋನಿಯಂ ವಾದಕ ದೊಡ್ಡಹನುಮಯ್ಯ ಕ್ಷೇಮ' ಎಂದು ಎರಡು ಸಾಲು ಮಾಡಿ, ಜಾಹೀರಾತಿನ ಕೆಳಗೆ ಹಾಕಿದರು. ಲಕ್ಷ್ಮೀಪತಿ ಕಿರಣನ ಆಫೀಸಿಗೆ ಹೋಗಿ, ಎದುರಿಗೇ ಕೂತು, ಕಂಪ್ಯೂಟರಿನಿಂದ ಜಹೀರನ ದನಿಯನ್ನು ಅಳಿಸಿ ಹಾಕಿಸಿ, ಪೆನ್‌ಡ್ರೈವ್ ವಾಪಸು ಇಸಿದುಕೊಂಡ. ಅಳಿಸಿತೋ, ಅಳಿಸಿದ ಹಾಗೆ ಕಿರಣ್ ತೋರಿಸಿದನೋ ಅವನಿಗೆ ತಿಳಿಯುವ ಹಾಗಿರಲಿಲ್ಲ. ಮುಂದಿನ ಶುಕ್ರವಾರ ಆಟೋದಲ್ಲಿ ಯಾವುದೋ ಊರಿನ ಹೆಂಗಸಿನ ದನಿ ಬಂತು. ಯಾರೂ ಬಾಗಿಲಿಗೆ ಬರಲಿಲ್ಲ.

ಆ ಸಂಜೆ ಪೆನ್‌ಡ್ರೈವ್ ಹಿಡಿದುಕೊಂಡು ಲಕ್ಷ್ಮೀಪತಿ ಗಲ್ಲಿಗೆ ಹೋದ. ಮಧ್ಯದ ದಿನಗಳಲ್ಲಿ ಎರಡು ಸಲ ಬಂದಾಗಲೂ ಜಹೀರ್ ಮಲಗಿದ್ದಾನೆ ಎಂದು ಕರೀಮುನ್ನೀಸಾ ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಇವತ್ತು ಬಾಗಿಲು ತೆಗೆದವಳು ಫರೀಹಾ. ಬನ್ನಿ ಚಾಚಾ ಅಂದಳು. ಜಹೀರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಇವನನ್ನು ನೋಡಿ ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಲಕ್ಷ್ಮೀಪತಿ ಪೆನ್‌ಡ್ರೈವನ್ನು ಅವನ ಮುಂದಿನ ಸ್ಟೂಲಿನ ಮೇಲೆ ಇಟ್ಟ.

"ನಿನ್ನ ಅಮಾನತ್ತು" ಅಂದ. "ಕಾಪಾಡಕ್ಕಾಗ್ಲಿಲ್ಲ ಕಣ್ಲಾ."

ಜಹೀರ್ ಅದನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನ ಕೈ ಮೇಲೆದ್ದಿತು. ಲಕ್ಷ್ಮೀಪತಿಗೆ ಜೀವ ಬಂದಂತಾಯಿತು. ಎಷ್ಟು ದಿನವಾಗಿತ್ತು ಆ ಕೈ ಮಾತಾಡಿ. ಆದರೆ ಜಹೀರ್ ಪೂರ್ತಿ ಮಗಳ ಕಡೆ ತಿರುಗಿ, ಅವಳಿಗೆ ಹೇಳುತ್ತಿದ್ದ. ಪಕ್ಕದಲ್ಲೇ ನಿಂತವನಿಗೆ ಮಗಳ ಮೂಲಕ ಹೇಳಿಸುತ್ತಿದ್ದ, ಭಾಷೆ ಬಾರದ ಪರವೂರಿನವನಿಗೆ ಹೇಳಿಸುವ ಹಾಗೆ. ಮೊದಲು ಕಿವಿಯ ಹಿಂದೆ ಬೆರಳಿಟ್ಟ. ಆಮೇಲೆ ಅಂಗೈಯನ್ನು ಹಣೆಯಿಂದ ಗದ್ದದವರೆಗೆ ನಿಧಾನವಾಗಿ ಇಳಿಸಿದ.

ಲಕ್ಷ್ಮೀಪತಿ ಅವನ ತೋರುಬೆರಳನ್ನೇ ನೋಡುತ್ತ ನಿಂತ. ಕೈ ಮಂಡಿಯ ಮೇಲೆ ಬಂದು ಕೂತಿತು. ನಾಳೆ ಬಾ ಅನ್ನಬೇಕಾದ ಬೆರಳು ತಿರುಗಲಿಲ್ಲ. ಇನ್ನೂ ತಿರುಗಬಹುದು ಎಂದು ಕಾದ. ಜಹೀರ್ ಇನ್ನೊಂದು ಕೈಯನ್ನು ಅದರ ಮೇಲಿಟ್ಟು, ಕಿಟಕಿಯ ಆಚೆ ನೋಡತೊಡಗಿದ.

ಫರೀಹಾ ಅಪ್ಪನನ್ನು ನೋಡಿದಳು, ಇವನನ್ನು ನೋಡಿದಳು. ಹುಟ್ಟಿದಾಗಿನಿಂದ ಇಬ್ಬರನ್ನೂ ಜೊತೆಯಾಗಿಯೇ ಕಂಡವಳು. ಅವಳ ಕಣ್ಣಂಚು ಕೆಂಪಾಗಿತ್ತು.

"ಇವತ್ತು ಅಬ್ಬಾಗೆ ಸುಸ್ತಾಗಿದೆಯಂತೆ ಚಾಚಾ" ಅಂದಳು. "ನಾಳೆ ಬನ್ನಿ ಅಂತಿದ್ದಾರೆ."

"ಬತ್ತೀನಿ ಕಣಮ್ಮ" ಎಂದು ಹೇಳಿ ಲಕ್ಷ್ಮೀಪತಿ ಹೊಸ್ತಿಲ ಆಚೆ ಬಂದು ತನ್ನ ಚಪ್ಪಲಿ ಹುಡುಕತೊಡಗಿದ.